ಕೆಂಚನಿಗೆ ಹೆಣ್ಣು ನೋಡಿದ ಬೀಗರು

ಬೀಗರ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಗುಜರಿಯವನ ಬಾಯಿಂದ. ನನ್ನ ಯಜಮಾನರು ತೀರಿಕೊಂಡು ವರ್ಷವೂ ಕಳೆದಿರಲಿಲ್ಲ. ಅವರ ಹಳೇ ಟ್ರ್ಯಾಕ್ಟರನ್ನು ತೂಕಕ್ಕೆ ಹಾಕಲೆಂದು ಮೈದುನ ಗುಜರಿಯವನನ್ನು ಶೆಡ್ಡಿಗೆ ಕರೆತಂದಿದ್ದ. ಆ ಟ್ರ್ಯಾಕ್ಟರಿಗೆ ನಾವು ಕೆಂಚ ಎನ್ನುತ್ತಿದ್ದೆವು. ಬಣ್ಣ ಎಲ್ಲಿ ಮುಗಿಯಿತು, ತುಕ್ಕು ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ಕೆಂಪಗಿದ್ದ. ಅವನನ್ನು ಹೆತ್ತ ಕಂಪನಿ ಎಂದೋ ಬಾಗಿಲು ಮುಚ್ಚಿತ್ತು.

ಗುಜರಿಯವನು ಬಾನೆಟ್ಟಿನ ಮೇಲೆ ಬೆರಳಿನಿಂದ ಕುಟ್ಟಿ, "ಇದಕ್ಕಿನ್ನು ಬೀಗನೇ ಗತಿ" ಎಂದ.

ನನಗೆ ಪಿತ್ತ ನೆತ್ತಿಗೇರಿತು. "ಬೀಗ ಯಾಕಪ್ಪಾ ಹಾಕ್ಬೇಕು? ಇಷ್ಟು ದಿನ ಕದಿಯೋಕೆ ಯಾರೂ ಬಂದಿರ್ಲಿಲ್ಲ, ಇವತ್ತು ನೀನೇ ಬಂದಿರೋದು!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಬಾಗಿಲಿಗೆ ಹಾಕೋ ಬೀಗ ಅಲ್ಲಮ್ಮಾ, ಸಂಬಂಧ ಕೂಡಿಸೋ ಬೀಗ! ಒಬ್ಬ ಮೆಕ್ಯಾನಿಕ್ಕು. ದಿನಾ ನನ್ನ ಅಂಗಡೀಗೆ ಬಂದು ಹೆಣ್ಣು ನೋಡ್ತಾನೆ."

"ಹಾಗಾದ್ರೆ ಅವರನ್ನೇ ಕಳ್ಸು" ಎಂದೆ. ಮೈದುನನಿಗೆ ಇದೆಲ್ಲ ತಮಾಷೆ. "ಆಗ್ಲಿ ಅತ್ತಿಗೆ, ಬಿತ್ತನೆ ಒಳಗೆ ಓಡಿದ್ರೆ ನಿಮ್ದು, ಇಲ್ಲಾಂದ್ರೆ ತಕ್ಕಡಿಗೆ. ನಿಮ್ಮ ಹೊಲಾನೂ ನಾನೇ ಉತ್ತುಕೊಡ್ತೀನಲ್ಲ" ಎಂದ. ಉಳುತ್ತಿದ್ದ, ಸುಳ್ಳಲ್ಲ. ಆದರೆ ಅವನ ಹೊಲ ಮುಗಿದ ಮೇಲೆ, ಅವನಿಗೆ ಮನಸ್ಸು ಬಂದಾಗ. "ನಾಳೆ ಬರ್ತೀಯೇನಪ್ಪಾ" ಎಂದು ಅವನ ಕೋಣೆಯ ಬಾಗಿಲಲ್ಲಿ ನಿಂತು ಕೇಳುವ ಬಾಳು ನನಗೆ ಬೇಡವಾಗಿತ್ತು. ಯಜಮಾನರು ನನ್ನನ್ನು ಸೀಟಿನ ಮೇಲೆ ಕೂರಿಸಿ ಟ್ರ್ಯಾಕ್ಟರು ಕಲಿಸಿದ್ದರು. ಮೂರನೇ ಕ್ಲಾಸಿನಲ್ಲಿ ನಾನು ಫೇಲು, ಕ್ಲಚ್ಚು ಬಿಡುವುದರಲ್ಲಿ ಪಾಸು.

ಮಾರನೇ ದಿನ ಬೀಗರು ಬಂದರು. ಕಡ್ಡಿಯಂಥ ಆಳು. ಜೇಬಿನ ತುಂಬ ನಟ್ಟು, ವಾಷರು. ಮನುಷ್ಯ ಕಾಣುವ ಮುಂಚೆಯೇ ಗಲಗಲ ಸದ್ದು ಬರುತ್ತಿತ್ತು. ಅವರ ಲೋಕದಲ್ಲಿ ಗಾಡಿ ಗಂಡು, ಬೇಕಾದ ಬಿಡಿಭಾಗ ಹೆಣ್ಣು. ಬೇರೆ ಜಾತಿಯ ಗಾಡಿಯದನ್ನು ತಂದು, ಅರ ಹಾಕಿ ಉಜ್ಜಿ ಕೂರಿಸಿದರೆ "ಸಂಬಂಧ ಕೂಡಿಬಂತು." ಕೂರದಿದ್ದರೆ "ಹುಡುಗಿ ಒಪ್ಲಿಲ್ಲ." ಸವೆದ ಗೇರು ಕಂಡರೆ "ಅಜ್ಜಿ ಹಲ್ಲು ಉದುರಿದೆ." ಸ್ವತಃ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ನನ್ನ ಥ್ರೆಡ್ಡೇ ಬೇರೆ ಅಕ್ಕಾ, ಯಾರು ಬಂದ್ರೂ ಅರ್ಧಕ್ಕೇ ಬಿಗಿಯಾಗ್ತಾರೆ" ಎಂದರು.

ಕೆಂಚನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈಹಾಕಿ ನೋಡಿದರು. "ಹುಡುಗ ಗಟ್ಟಿ. ಡೀಸೆಲ್ ಪಂಪು ಮಾತ್ರ ಸತ್ತಿದೆ. ಜೋಡಿ ಹುಡುಕೋಕೆ ಊರೂರು ಅಲೀಬೇಕು" ಎಂದು ಸೈಕಲ್ ಹತ್ತಿದವರು ಪತ್ತೆಯೇ ಇಲ್ಲ. ಬಿತ್ತನೆ ಹತ್ತಿರವಾಯಿತು. ಮೈದುನ ಶೆಡ್ಡಿನ ಮುಂದೆ ಹಾದುಹೋಗುವಾಗೆಲ್ಲ ಶಿಳ್ಳೆ ಹಾಕತೊಡಗಿದ.

ಒಂದು ಬೆಳಿಗ್ಗೆ ಫೋನ್ ಬಡಿದುಕೊಂಡಿತು. ನಮ್ಮಿಬ್ಬರ ಸಂಸಾರಕ್ಕೂ ಒಂದೇ ಮನೆ, ಒಂದೇ ಫೋನು. ಎತ್ತಿದ್ದು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳು ಹಲೋ ಅನ್ನುವ ಮುಂಚೆಯೇ ಬೀಗರು ಶುರುಮಾಡಿದ್ದರು:

"ಮೂಲೆ ಹಿಡಿದು ಕೂತಿರೋ ನಿಮ್ಮನೆ ಗಂಡಿಗೆ ಕೊನೆಗೂ ಹೆಣ್ಣು ಸಿಕ್ತು! ಸ್ವಲ್ಪ ವಯಸ್ಸಾಗಿದೆ, ಆದ್ರೂ ಒಳ್ಳೇ ಮೈಕಟ್ಟು. ಎಣ್ಣೆ ಹಚ್ಚಿ ಉಜ್ಜಿದೀನಿ, ಫಳಫಳ ಅಂತಾಳೆ. ನಾಳೆ ಸೈಕಲ್ ಮೇಲೆ ಕೂರಿಸ್ಕೊಂಡು ಬರ್ತೀನಿ. ಮನೇಲಿ ಯಾರಿಗೂ ಹೇಳ್ಬೇಡಿ!"

ಮನೆಯಲ್ಲಿದ್ದ ಗಂಡು ಒಂದೇ. ಅದು ಆಗ ತಾನೇ ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ ಹೊರಗೆ ಬಂತು. ಓರಗಿತ್ತಿಯ ಕೈಗೆ ಪೊರಕೆ ಬಂತು.

"ಮೈಕಟ್ಟು ಬೇಕಾಯ್ತಾ ನಿಮ್ಗೆ? ಎಣ್ಣೆ ಹಚ್ಚಿ ಉಜ್ಜಿಟ್ಟಿದಾನಂತೆ!"

"ಯಾರನ್ನೇ? ಎಲ್ಲೇ?"

"ಎಲ್ಲಿ ಅಂತ ವಿಳಾಸ ಬೇರೆ ಬೇಕಾ!"

ನನಗೆ ವಿಷಯ ಹೊಳೆದದ್ದೇ ತಡ, ನಗು ಉಕ್ಕಿ ಮೆಟ್ಟಿಲ ಮೇಲೆ ಕುಸಿದೆ. ಹೇಳೋಣವೆಂದರೆ ಉಸಿರಿಲ್ಲ. ನಾನು ನಕ್ಕಷ್ಟೂ, "ನೋಡಿ, ಅಕ್ಕಂಗೂ ಗೊತ್ತಿದೆ!" ಎಂದು ಅವಳ ಅನುಮಾನ ಬೆಳೆಯಿತು. ಕಡೆಗೆ, "ಪಂಪು ಕಣೇ, ಕೆಂಚನ ಪಂಪು" ಎಂದೆ.

"ಪಂಪಾದ್ರೆ ಓಡಿಸಿ ತೋರ್ಸಿ. ಅಲ್ಲೀವರೆಗೂ ಈ ಮಹಾಶಯರಿಗೆ ಊಟ ಇಲ್ಲ!"

ಮಾರನೇ ದಿನ ಸೈಕಲ್ಲಿನ ಹಿಂದೆ ಹಳೇ ಟವೆಲ್ಲಿನಲ್ಲಿ ಸುತ್ತಿದ ಮದುಮಗಳು ಬಂದಳು. ಓರಗಿತ್ತಿ ತಾನೇ ಮುಸುಕು ತೆಗೆದಳು. ಕಬ್ಬಿಣ. "ಕಬ್ಬಿಣ ಯಾರು ಬೇಕಾದ್ರೂ ತರ್ತಾರೆ" ಎಂದು ಪೊರಕೆ ಕೆಳಗಿಡದೆ ನಿಂತಳು. ಬೀಗರು ಅರ ಹಾಕಿದರು, ಕೂರಿಸಿದರು, ಬಿಗಿದರು, ಪೈಪಿನ ಗಾಳಿ ತೆಗೆದರು. ಇನ್ನು ಹ್ಯಾಂಡ್ಲು ತಿರುಗಿಸುವವರು ಯಾರು? ಕೆಂಚನನ್ನು ತಕ್ಕಡಿಗೆ ಹಾಕಹೊರಟಿದ್ದ ಮೈದುನನೇ ಓಡಿಬಂದ. ಹಸಿದ ಹೊಟ್ಟೆ, ಕಣ್ಣಲ್ಲಿ ನೀರು.

"ಸ್ಟಾರ್ಟ್ ಆಗೋ ಕೆಂಚಾ! ನಮ್ಮಪ್ಪ ಅಲ್ವೇನೋ! ನನ್ನ ಮಾನ ಉಳಿಸೋ!"

ಕೆಂಚ ಕೆಮ್ಮಿದ. ಸೀನಿದ. ಓರಗಿತ್ತಿಯ ಮುಖಕ್ಕೆ ಒಂದು ಬೊಗಸೆ ಮಸಿ ಉಗುಳಿ, ಗುಡುಗುಡು ಎಂದ. ನಾನು ಸೆರಗು ಸಿಕ್ಕಿಸಿ ಸೀಟಿಗೆ ಹಾರಿದೆ. ಅಂಗಳವೆಲ್ಲ ಸುತ್ತಿದೆ, ಕೋಳಿಗಳೆಲ್ಲ ಗೋಡೆ ಹತ್ತಿದವು, ಮೈದುನ ಹಿಂದೆಯೇ ಓಡುತ್ತಿದ್ದ: "ನಿಮ್ದೇ ಅತ್ತಿಗೆ, ನಿಮ್ದೇ! ಮೊದ್ಲು ಇವಳಿಗೆ ಊಟ ಬಡಿಸೋಕೆ ಹೇಳಿ!" ಬೀಗರು ಟವೆಲ್ ಗಾಳಿಯಲ್ಲಿ ತಿರುಗಿಸುತ್ತ ಕುಣಿಯುತ್ತಿದ್ದರು. ಜೇಬಿನ ವಾಷರುಗಳೇ ಗೆಜ್ಜೆ.

ಆ ಸಲ ನನ್ನ ಹೊಲವನ್ನು ನಾನೇ ಉತ್ತೆ. ಆಮೇಲೂ ಯಾರ ಬಾಗಿಲಲ್ಲೂ ನಿಲ್ಲಲಿಲ್ಲ.

ಬೀಗರು ಹಾಸಿಗೆ ಹಿಡಿದಾಗ ನಾನು ನೋಡಲು ಹೋದದ್ದೂ ಕೆಂಚನ ಮೇಲೆಯೇ. ಒಂದೇ ಕೋಣೆ, ಮಂಚದ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ, ನೀರಿನ ಕೊಡದ ಪಕ್ಕ ಎಲ್ಲೆಲ್ಲೂ ಎಣ್ಣೆ ಸವರಿದ ಬಿಡಿಭಾಗಗಳು. ಅವರು ಕಣ್ಣು ಮುಚ್ಚಿಕೊಂಡು ಹೊರಗಿನ ಸದ್ದು ಕೇಳಿ, "ಹುಡುಗಿ ಹೊಂದ್ಕೊಂಡಿದಾಳೆ" ಎಂದರು. ಆಮೇಲೆ ದಿಂಬಿನಡಿಯಿಂದ ಕೋಣೆಯ ಬೀಗದ ಕೈ ತೆಗೆದು ನನ್ನ ಅಂಗೈಗೆ ಒತ್ತಿದರು.

"ಇನ್ಮೇಲೆ ನೀವೇ ಬೀಗಿತ್ತಿ. ಇವರನ್ನ ತೂಕಕ್ಕೆ ಹಾಕ್ಬೇಡಿ ಅಕ್ಕಾ, ಒಬ್ಬೊಬ್ಬರಿಗೂ ಮನೆ ನೋಡಿ. ಮೂಲೇಲಿರೋ ಆ ದೊಡ್ಡ ಗೇರು ಸ್ವಲ್ಪ ಜಂಬದೋಳು. ಅವಳಿಗೆ ಮಾತ್ರ ಅವಸರ ಮಾಡ್ಬೇಡಿ."