ನೆಲ ಕಾಣದ ಕಾಲು

ನನ್ನ ಮೊದಲ ಮಗನಿಗೆ ಒಂದೂವರೆ ವರ್ಷ ತುಂಬುತ್ತ ಬಂದರೂ ಅವನು ನಡೆಯುತ್ತಿರಲಿಲ್ಲ. ನಡೆಯುವುದಿರಲಿ, ಅಂಬೆಗಾಲೂ ಇಟ್ಟಿರಲಿಲ್ಲ. ಇಡುವುದಾದರೂ ಎಲ್ಲಿ? ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಅವನಿಗೆ ನೆಲವೆಂಬುದೇ ಇರಲಿಲ್ಲ. ಬೆಳಿಗ್ಗೆ ಅತ್ತೆಯ ಕಂಕುಳು, ಮಧ್ಯಾಹ್ನ ತೊಟ್ಟಿಲು, ಸಂಜೆ ಮಾವನ ತೊಡೆ. ಮನೆಗೆ ಮೊದಲ ಗಂಡು ಮೊಮ್ಮಗ. ಹಾಲು ಕುಡಿಸುವ ಹೊತ್ತಿಗೆ ಮಾತ್ರ ಅವನನ್ನು ನನಗೆ ಕೈಗಡವಾಗಿ ಕೊಡುತ್ತಿದ್ದರು.

ಒಮ್ಮೆ ಅತ್ತೆ ಸ್ನಾನಕ್ಕೆ ಹೋದಾಗ ಚಾಪೆಯ ಮೇಲೆ ಬೋರಲು ಮಲಗಿಸಿದೆ. ಅವನು ಕತ್ತೆತ್ತಿ ಆಚೀಚೆ ನೋಡುತ್ತಿದ್ದಂತೆ ಅತ್ತೆ ಒದ್ದೆ ಕೂದಲಲ್ಲೇ ಹೊರಗೆ ಬಂದರು.

"ಕೂಸಿಗಿ ಕೆಳಗ ಹಾಕೀಯಲ್ಲ, ನಿನ್ನ ಕೈಗಿ ಏನಾಗ್ಯಾದ?"

"ಆಡ್ಲಿ ಅಂತ ಹಾಕೀನ್ರಿ ಅತ್ತಿ."

"ಆಡಸ್ಲಾಕ ನಾವಿಲ್ಲೇನು? ನೆಲದ ಥಂಡಿ ಹತ್ತತದ."

ಅದು ಬೇಸಿಗೆ. ನಮ್ಮ ಅಂಗಳದ ಫರಸಿ ಕಲ್ಲಿನ ಮೇಲೆ ರೊಟ್ಟಿ ಸುಡಬಹುದಿತ್ತು.

ಕೊನೆಗೆ ಪಕ್ಕದ ಮನೆಯವರೊಬ್ಬರು, "ನಿಮ್ಮ ಮೊಮ್ಮಗ ಇನ್ನಾ ನಡ್ಯಲ್ಲೇನ್ರಿ?" ಎಂದು ಕೇಳಿದ ದಿನ ಮನೆಗೆ ಎಚ್ಚರವಾಯಿತು. ಮಾವ ನಿಜಾಮರ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹಾಲು ಒಡೆದರೂ ಅದರ ವಿಚಾರಣೆ, ತಹಕೀಕಾತ್ ಆಗಬೇಕೆನ್ನುವವರು. ಮೊಮ್ಮಗನನ್ನು ಎತ್ತಿಕೊಂಡು ಸ್ಟೇಶನ್ ಬಜಾರದ ಡಾಕ್ಟರ ಬಳಿ ನಡೆದರು. ನಾನು ಹಿಂದೆ ಹೋದೆ.

ಡಾಕ್ಟರು ಕಾಲು ಮಡಚಿ, ಬಿಡಿಸಿ, ಅಂಗಾಲು ಕೆರೆದು ನೋಡಿದರು. ಹುಡುಗ ಅವರ ಹೊಟ್ಟೆಗೆ ಚೆನ್ನಾಗಿಯೇ ಒದ್ದ.

"ಕಾಲು ಗಟ್ಟಿ ಅವ. ನೆಲಕ್ಕ ಬಿಡ್ರಿ, ಹೊರಳಾಡ್ಲಿ, ಹಿಡ್ಕೊಂಡು ಏಳ್ಲಿ."

"ದವಾ?" ಎಂದರು ಮಾವ.

"ದವಾ ಏನೂ ಬ್ಯಾಡ್ರಿ."

ಹೊರಗೆ ಬಂದ ಮಾವ ಛತ್ರಿ ಬಿಚ್ಚುತ್ತ ತೀರ್ಪು ಕೊಟ್ಟರು: "ಇವರಿಗಿ ತಜುರ್ಬಾ ಸಾಲದು." ಅಲ್ಲಿಂದ ನೇರ ಹೆಚ್ಚು ಅನುಭವವುಳ್ಳ ಇನ್ನೊಬ್ಬ ಡಾಕ್ಟರ ಬಳಿ ಹೋದೆವು. ಅವರು ಮಗುವನ್ನು ಮುಟ್ಟಲೂ ಇಲ್ಲ. ಕೆಂಪನೆಯ ಕಹಿ ಔಷಧಿಯ ಶೀಸೆ ಕೊಟ್ಟರು. ಮಾವನ ದೃಷ್ಟಿಯಲ್ಲಿ ಅವರು ಹುಷಾರು ಮನುಷ್ಯ.

ಆಮೇಲೆ ಚಿಕಿತ್ಸೆಗಳ ಸುಗ್ಗಿ. ಅತ್ತೆ ದಿನವೂ ಎಣ್ಣೆ ತಿಕ್ಕಿ ಆ ಕಾಲುಗಳನ್ನು ಕನ್ನಡಿಯಂತೆ ಹೊಳೆಯಿಸಿದರು. ಮಾವ ಬಡಿಗರಿಂದ ಮೂರು ಗಾಲಿಯ ಮರದ ಬಂಡಿ ಮಾಡಿಸಿದರು. ಮಗು ಅದರ ಹಿಡಿಕೆ ಹಿಡಿದು, ತಳ್ಳುತ್ತ, ನಡೆಯುವುದನ್ನು ಕಲಿಯಬೇಕು. ಆದರೆ ನಿಂತರೆ ಕಾಲು ನೋಯುತ್ತದೆಂದು ಅತ್ತೆ ಅದರ ಮೇಲೆ ದಿಂಬು ಹಾಕಿ ಅವನನ್ನು ಕೂರಿಸಿದರು, ಮಾವ ಹಗ್ಗ ಕಟ್ಟಿ ಎಳೆದರು. ಹೀಗೆ ನಮ್ಮ ಮನೆಯಲ್ಲಿ ದಿನಾ ಸಂಜೆ ಅಜ್ಜನೇ ನಡೆಯುತ್ತಿದ್ದರು. ಶಾಲಾ ಮಾಸ್ತರರಾದ ನನ್ನ ಗಂಡನಿಗೆ ತಂದೆಯ ಎದುರು ಅಭಿಪ್ರಾಯಗಳಿರಲಿಲ್ಲ.

ಆ ಮಳೆಗಾಲದಲ್ಲಿ ನಿಜಾಮರ ಕಡೆಯ ರಜಾಕಾರರ ಭಯ ಹೆಚ್ಚಾಯಿತು. ಊರಲ್ಲಿ ಹೆಂಗಸರು ಮಕ್ಕಳು ಇರುವುದು ಬೇಡವೆಂದು ಮಾವ ಅತ್ತೆಯನ್ನೂ ನನ್ನನ್ನೂ ಮಗುವನ್ನೂ ಕಮಲಾಪುರದ ನನ್ನ ತವರಿಗೆ ಕಳಿಸಿದರು. ಎತ್ತಿನ ಬಂಡಿ ಮಹಾಗಾಂವ ದಾಟಿ ಮನೆ ಮುಟ್ಟುವ ತನಕ ಅತ್ತೆ ಒಂದು ತೊಡೆಯ ಮೇಲೆ ದೇವರ ಪೆಟ್ಟಿಗೆಯನ್ನು, ಇನ್ನೊಂದರ ಮೇಲೆ ಮೊಮ್ಮಗನನ್ನು ಇಟ್ಟುಕೊಂಡು ಕೂತಿದ್ದರು. ತಾಮ್ರದ ಕೊಡ ಕಾಲ ಸಂದಿಯಲ್ಲಿತ್ತು.

ಕಮಲಾಪುರದಲ್ಲೂ ಭಯ ಕಡಿಮೆಯೇನಿರಲಿಲ್ಲ. ಯಾರೋ "ಬಂದ್ರು" ಎಂದು ಕೂಗುವರು, ಎಲ್ಲರೂ ಒಳಗಿನ ಕತ್ತಲೆ ಕೋಣೆಗೆ ಓಡುವೆವು, ಯಾರೂ ಬಂದಿರುತ್ತಿರಲಿಲ್ಲ. ಮೊದಲ ಸಲ ಹೀಗಾದಾಗ ಅತ್ತೆ ಒಂದು ಕೈಯಲ್ಲಿ ದೇವರನ್ನೂ ಇನ್ನೊಂದರಲ್ಲಿ ಕೊಡವನ್ನೂ ಹಿಡಿದರು. ಮೂರನೆಯ ಕೈ ಇರಲಿಲ್ಲ. ಮೊಮ್ಮಗ ನೆಲಕ್ಕೆ ಬಂದ.

ಹೆದರಿಕೆಯಲ್ಲೂ ನಾನು ಅವನನ್ನೇ ನೋಡಿದೆ. ಅವನು ಸಗಣಿ ಸಾರಿಸಿದ ನೆಲವನ್ನು ಅಂಗೈಯಿಂದ ತಟ್ಟಿ ನೋಡಿದ. ಮತ್ತೆ ತಟ್ಟಿದ. ಅಳಲಿಲ್ಲ. ನಾನು ಎತ್ತಿಕೊಳ್ಳುವ ಹೊತ್ತಿಗೆ ಹೊರಳಿ ಬೋರಲಾಗಿ ಕಾಲ ಹೆಬ್ಬೆರಳು ಊರುತ್ತಿದ್ದ.

ಮರುದಿನದಿಂದ ಅತ್ತೆ ಜಪಕ್ಕೆ ಕೂತಾಗಲೆಲ್ಲ ನಾನು ಅವನನ್ನು ಇಳಿಸತೊಡಗಿದೆ. ದೇಶದ ಪರಿಸ್ಥಿತಿಯಿಂದಾಗಿ ಅತ್ತೆಯ ಜಪ ದಿನೇ ದಿನೇ ಉದ್ದವಾಗುತ್ತಿತ್ತು. ನನ್ನ ಅವ್ವ ಪಡಸಾಲೆಯ ಗೋಡೆಗುಂಟ ಜೋಳದ ಚೀಲಗಳನ್ನು ಒತ್ತಿ ಇಟ್ಟಳು. ಅವನು ಮೊದಲು ಹೊಟ್ಟೆಯ ಮೇಲೆ ತೆವಳಿದ, ಆಮೇಲೆ ಮೊಣಕಾಲ ಮೇಲೆ ಬಂದ. ಕೆಲವು ವಾರಗಳಲ್ಲಿ ಚೀಲದ ಕಿವಿ ಹಿಡಿದು ಎದ್ದು, ಚೀಲದಿಂದ ಚೀಲಕ್ಕೆ ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದ. ಬಿದ್ದರೆ ನಾವು "ಅಯ್ಯೋ" ಅನ್ನುತ್ತಿರಲಿಲ್ಲ. ಹಾಗಾಗಿ ಅವನಿಗೂ ಅಳಬೇಕೆಂದು ತಿಳಿಯುತ್ತಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಶುರುವಾಗಿ ಭಾರತದ ಸೈನ್ಯ ನಿಜಾಮರ ಸೀಮೆಗೆ ನುಗ್ಗಿದ ಮೇಲೆ ಒಂದು ಬೆಳಿಗ್ಗೆ ಊರ ಮೇಲೆ ವಿಮಾನದ ಸದ್ದಾಯಿತು. ಗಂಡಸರು ರಸ್ತೆಗೆ ಓಡಿದರು, ಅತ್ತೆ ದೇವರ ಜೊತೆ ಕೋಣೆಗೆ ಓಡಿದರು. ಮಗು ಚೀಲ ಹಿಡಿದು ಪಡಸಾಲೆಯಲ್ಲಿ ನಿಂತಿತ್ತು. ಅದು ಹೆದರದಿರಲೆಂದು ಅವ್ವ ತೊಲೆಗೆ ತೂಗಿದ್ದ ಕೆಂಪು ಬಾಳೆಯ ಗೊನೆಯಿಂದ ಒಂದು ಹಣ್ಣು ಕಿತ್ತು, ಸುಲಿದು, ಕೂತಲ್ಲಿಂದಲೇ ಚಾಚಿದಳು. ಅವನು ಹಣ್ಣು ನೋಡಿದ. ಚೀಲ ಬಿಟ್ಟ. ಎರಡೂ ಕೈ ಮೇಲೆತ್ತಿ, ಕಾಲು ಅಗಲಿಸಿ, ತೂರಾಡುತ್ತ ಪಡಸಾಲೆಯ ನಡುವಿನಿಂದ ನಡೆದು ಹೋಗಿ ಹಣ್ಣಿಗೆ ಬಾಯಿ ಹಾಕಿದ.

ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಮೇಲೆ ಹೋಗುತ್ತಿದ್ದ ವಿಮಾನ ಯಾರದೆಂದು ಕೇಳುವ ಮನಸ್ಸೂ ಇರಲಿಲ್ಲ.

ಬಾಗಿಲ ಸಂದಿಯಿಂದ ಅತ್ತೆಯ ಮುಖ ಕಂಡಿತು. "ಯಾರು ಅವನಿಗಿ ನಡ್ಯಾಕ ಬಿಟ್ಟೋರು?"

"ಯಾರೂ ಬಿಟ್ಟಿಲ್ರಿ ಬೀಗತಿ," ಎಂದಳು ಅವ್ವ, "ಹಸದಿದ್ದ, ಎದ್ದು ಬಂದ."

ಗಲಾಟೆ ತಣ್ಣಗಾದ ಮೇಲೆ ಕಲಬುರಗಿಗೆ ಮರಳಿದೆವು. ಮೊಮ್ಮಗ ಬಂಡಿಯಿಂದಿಳಿದು ಸ್ವಂತ ಕಾಲಲ್ಲಿ ಹೊಸ್ತಿಲಿಗೆ ಹೋದದ್ದನ್ನು ಕಂಡು ಮಾವನ ಕಣ್ಣಲ್ಲಿ ನೀರು ಬಂತು. ವಾರದೊಳಗೆ ಅದಕ್ಕೆ ಕಾರಣಗಳೂ ಬಂದವು. ಅತ್ತೆಯ ಪ್ರಕಾರ ಎಣ್ಣೆ. ಶೀಸೆ ಕೊಟ್ಟವರ ಪ್ರಕಾರ, ಆ ದವಾ ತಡವಾಗಿ ಹತ್ತುವಂಥದ್ದು. ಮಾವನದು ಇನ್ನೂ ದೊಡ್ಡ ಲೆಕ್ಕ. "ಹುಕೂಮತ್ ಬದ್ಲಾತು ನೋಡ್ರಿ, ನಮ್ಮ ಹುಡುಗ ಎದ್ದು ನಿಂತ," ಎಂದು ಓಣಿಯಲ್ಲಿ ಹೇಳುತ್ತ ಬಂದರು. ಹೊಸ ಸರ್ಕಾರದಿಂದ ನಮ್ಮ ಓಣಿಗೆ ಆಗ ತೋರಿಸಬಹುದಾಗಿದ್ದ ಲಾಭ ಅದೊಂದೇ ಆದ್ದರಿಂದ ಯಾರೂ ಎದುರಾಡಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಮಗಳು ಹುಟ್ಟಿದಳು. ಹೆಣ್ಣಾದ್ದರಿಂದ ಅವಳನ್ನು ಎತ್ತಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕೌದಿ ಹಾಸಿ ಕೆಳಗೆ ಬಿಟ್ಟೆ. ಥಂಡಿಯ ಮಾತು ಯಾರೂ ಎತ್ತಲಿಲ್ಲ. ವರ್ಷ ತುಂಬುವ ಮೊದಲೇ ಅವಳು ಅಡುಗೆಮನೆಯಿಂದ ಅಂಗಳಕ್ಕೆ ನಡೆದುಹೋದಳು.

ಅತ್ತೆ ಅಕ್ಕಿ ಆರಿಸುತ್ತ ತಲೆ ಎತ್ತಿ ನೋಡಿದರು. "ಹೆಣ್ಣಿಗಿ ಅವಸರ ಜಾಸ್ತಿ," ಎಂದು ಮತ್ತೆ ಮೊರಕ್ಕೆ ಬಗ್ಗಿದರು.