ಜೊಹರಾಬಿಯ ಹಂಡೆ ತುಂಬುವ ಸದ್ದು

ಹೊಸ ಪೈಪಿಗೆ ಹಚ್ಚುವ ಅಂಟಿನ ವಾಸನೆ ಒಂದು ವಾರದಿಂದ ನಮ್ಮ ಅಂಗಳ ಬಿಟ್ಟು ಹೋಗಿಲ್ಲ. ಅದು ಮೂಗಿಗೆ ಬಡಿದಾಗಲೆಲ್ಲ ನನಗೆ ನೆನಪಾಗುವುದು ನೀರಲ್ಲ, ಹೊಟ್ಟೆಕಿಚ್ಚು. ನಗಬೇಡಿ. ಶಾಲೆಯಲ್ಲಿ ನಿವೃತ್ತಿಯವರೆಗೂ ನೀತಿಪಾಠ ಹೇಳಿದವಳು ನಾನು. ಈ ವಿಷಯದಲ್ಲಿ ಸ್ವಂತ ಅನುಭವ ಬೇಕಾದಷ್ಟಿದೆ.

ಶಿರ್ವದ ನಮ್ಮ ಈ ಕೆಂಪು ಮುರಕಲ್ಲಿನ ಗುಡ್ಡೆಯ ಮೇಲೆ ಶಿವರಾತ್ರಿ ಕಳೆದರೆ ಬಾವಿಗಳು ತಳ ಕಾಣುತ್ತವೆ. ಮತ್ತೆ ಮಳೆಯವರೆಗೆ ಬೆಳಿಗ್ಗೆ ಒಂದು ಗಂಟೆ ಬರುವ ನಲ್ಲಿ ನೀರೇ ಗತಿ. ಗೋಡೆಯಾಚೆಗೆ ಜೊಹರಾಬಿಯ ಮನೆ. ಮೊದಲು ಅವಳ ತಾಮ್ರದ ಹಂಡೆಯಲ್ಲಿ ನೀರು ಧೋ ಎಂದು ಬೀಳುತ್ತಿತ್ತು. ಇತ್ತ ನನ್ನ ನಲ್ಲಿ ಮುದುಕನಂತೆ ಕೆಮ್ಮುತ್ತಿತ್ತು. ಆ ಸದ್ದು ಕೇಳುತ್ತಾ ಖಾಲಿ ಕೊಡ ಹಿಡಿದು ನಿಂತು ಇಪ್ಪತ್ತು ಬೇಸಿಗೆ ಕಳೆದಿದ್ದೇನೆ. ಅವಳ ಅಂಗಳದ ಮಲ್ಲಿಗೆ ಅರಳಿದರೆ ನನ್ನ ನೀರೇ ಅರಳಿದಂತೆ ಕಾಣುತ್ತಿತ್ತು.

ವಾಲ್ವ್ ತಿರುಗಿಸುವ ಶೀನಣ್ಣ ಮೊದಲು ಅವಳ ಮನೆಗೆ ಬಿಟ್ಟು, ಆಮೇಲೆ ನಮ್ಮ ಕಡೆ ತಿರುಗಿಸುತ್ತಾನೆಂದು ನಾನು ನಂಬಿದ್ದೆ. ಅತ್ತೆ ಹಾಸಿಗೆ ಹಿಡಿದ ಬೇಸಿಗೆಯಲ್ಲಿ ಅವನನ್ನು ಒಲಿಸಿಕೊಳ್ಳಲೇಬೇಕಾಯಿತು. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಕ್ರಮ. ನೀರು ಬಿಡುವವನಿಗೇ ಬೆಲ್ಲ ನೀರಿನ ಲಂಚ ಕೊಟ್ಟವಳು ಬಹುಶಃ ನಾನೊಬ್ಬಳೇ. ಕೊಡುವಾಗ ಒಂದು ತುಂಡು ಬೆಲ್ಲ ಹೆಚ್ಚೇ ಇಡುತ್ತಿದ್ದೆ. ಆಶ್ಚರ್ಯವೆಂದರೆ, ನೀರು ಬೇಗ ಬರತೊಡಗಿತು! ಅದೇ ಬೇಸಿಗೆಯಲ್ಲಿ ಜೊಹರಾಬಿಯ ಮಲ್ಲಿಗೆ ಗಿಡಗಳು ಒಣಗಿದವು. "ಪಾಪ, ಎಂತ ಬಿಸಿಲು" ಎಂದೆ ಅವಳಿಗೆ. ಒಳಗೊಳಗೇ ನನಗೆ ಹಬ್ಬ.

ಕಳೆದ ವಾರ ಹಳೆಯ ಕಬ್ಬಿಣದ ಪೈಪು ಕೀಳುವಾಗ, ಈಗ ನಿವೃತ್ತನಾಗಿರುವ ಶೀನಣ್ಣ ನೋಡಲು ಬಂದಿದ್ದ. ಗುಂಡಿಯಲ್ಲಿದ್ದದ್ದು ಒಂದೇ ಪೈಪು. ಅದು ಜೊಹರಾಬಿಯ ನಲ್ಲಿ ದಾಟಿ ನಮ್ಮ ಗೋಡೆಯ ಅಡಿಗೆ ನುಸುಳಿತ್ತು.

"ನಮ್ಮ ವಾಲ್ವ್ ಎಲ್ಲಿ ಶೀನಣ್ಣ?"

"ನಿಮಗೆ ಬೇರೆ ಎಂತ ವಾಲ್ವ್? ಇಬ್ಬರಿಗೂ ಒಂದೇ ಲೈನ್. ಒಳಗೆ ನೋಡಿ, ತುಕ್ಕು ಕಟ್ಟಿ ಒಂದು ಬೆರಳಿನಷ್ಟು ಜಾಗ ಉಂಟು. ಜೊಹರಾಬಿ ಬಂದ್ ಮಾಡಿದರೆ ಮಾತ್ರ ನಿಮಗೆ ನೀರು."

"ಆ ವರ್ಷ ಬೇಗ ಬರ್ತಿತ್ತಲ್ಲ?"

"ಟೀಚರ ಅತ್ತೆ ಮಲಗಿದ್ದಾರೆ, ಬಟ್ಟೆ ಒಗೆಯಲಿಕ್ಕೆ ಉಂಟು ಅಂತ ಅವರೇ ಬೇಗ ಬಂದ್ ಮಾಡ್ತಿದ್ದರು. ಮಲ್ಲಿಗೆ ಸತ್ತು ಹೋಯ್ತು ಅವರದ್ದು."

"ಮತ್ತೆ ನನ್ನ ಬೆಲ್ಲ?"

"ನನಗೆ ಶುಗರ್ ಉಂಟಲ್ವಾ ಟೀಚರೇ? ಜೊಹರಾಬಿಯ ಆಡಿಗೆ ಹಾಕ್ತಿದ್ದೆ."

ನಾಚಿಕೆಯಾಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಉರಿ ಎದ್ದಿತು. ನೀರು ಹೋಗಲಿ, ಒಳ್ಳೆಯತನವೂ ಅವಳ ಮನೆಗೇ ಮೊದಲು ತಲುಪಿತಲ್ಲ! ಹೇಳದೆ ಮಾಡಿದಳಲ್ಲ, ಅದಂತೂ ಸಹಿಸಲಾಗಲಿಲ್ಲ. ನಾನಾಗಿದ್ದರೆ ಊರಿಗೆಲ್ಲ ಸಾರುತ್ತಿದ್ದೆ.

ಇವತ್ತು ಹೊಸ ಪೈಪಿನ ಮೊದಲ ನೀರು. ಲೈನು ಈಗ ಮೇಲಿನ ರಸ್ತೆಯಿಂದ ಇಳಿದು, ನಮ್ಮ ಮನೆ ದಾಟಿ ಅವಳಲ್ಲಿಗೆ ಹೋಗುತ್ತದೆ. ಹೊಸ ಟ್ಯಾಂಕಿನ ಕೆಲಸ ಮುಗಿಯುವವರೆಗೆ ನೀರಿಗೆ ಜೋರಿಲ್ಲ. ನಾನು ನಲ್ಲಿ ಬಿಟ್ಟರೆ ಅವಳಿಗೆ ಬರೀ ಗಾಳಿ. ಡ್ರಮ್ಮು, ಬಕೆಟ್ಟು ತುಂಬಿಸಿದೆ. ಇಡ್ಲಿ ಪಾತ್ರೆಯನ್ನೂ ಬಿಡಲಿಲ್ಲ. ಕೊನೆಯ ಕೊಡ ಇಟ್ಟಾಗ ಗೋಡೆಯಾಚೆಯಿಂದ ನಲ್ಲಿ ಕೆಮ್ಮುವ ಸದ್ದು ಕೇಳಿತು. ಆಮೇಲೆ ಅವಳ ದನಿ: "ಟೀಚರೇ, ನಿಮ್ಮದು ಆಯ್ತಾ? ಅವಸರ ಇಲ್ಲ ಮಾರಾಯ್ರೆ."

ಕೊಡ ಇನ್ನೂ ಅರ್ಧ ಖಾಲಿ ಇತ್ತು. ನನ್ನ ಕೈ ನಲ್ಲಿಯ ಮೇಲೇ ಅಂಟಿಕೊಂಡಿತ್ತು. ಆ ಬೇಸಿಗೆಯಲ್ಲಿ ಇದನ್ನು ಅವಳು ದಿನಾ ಹೇಗೆ ಮಾಡಿದಳೋ!

"ಆಯ್ತು" ಎಂದು ನಲ್ಲಿ ಮುಚ್ಚಿದೆ.

ಆಚೆ ತಾಮ್ರದ ಹಂಡೆಯಲ್ಲಿ ನೀರು ಧೋ ಎಂದು ಬೀಳತೊಡಗಿತು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಆದರೂ ಅರ್ಧ ಕೊಡವನ್ನು ಸೊಂಟಕ್ಕೇರಿಸಿ ಒಳಗೆ ಬಂದೆ.