ಕಬ್ಬು ಮುಟ್ಟದ ಕೆಂದ

ಜೂನ್ ೧೪, ಶನಿವಾರ, ಬೆಳಗ್ಗೆ ಐದೂಮುಕ್ಕಾಲು. ದಿಂಡಿಗಲ್ ಬಸ್ ನಿಲ್ದಾಣದಲ್ಲಿ ತೇನಿಯ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು ಇಷ್ಟನ್ನು ಗುರುತು ಹಾಕಿಕೊಂಡೆ. ನನಗೆ ಊರು ನೋಡುವುದೆಂದರೆ ಊರನ್ನು ಲೆಕ್ಕಕ್ಕೆ ತರುವುದು. ಕೆಲಸದ ಮೇಲೆ ದಿಂಡಿಗಲ್ಲಿಗೆ ಬಂದು ನಾಲ್ಕು ತಿಂಗಳಾಯಿತು. ಅಲ್ಲಿಯ ಬಂಡೆಕೋಟೆ ಹತ್ತಿದ್ದು ಮೂರು ಸಲ. ಬಿರಿಯಾನಿ ತಿಂದದ್ದು ಎಷ್ಟು ಸಲ ಎನ್ನುವುದನ್ನು, ನಮ್ಮಮ್ಮ ಈ ಪತ್ರಿಕೆ ಓದುವುದರಿಂದ, ಇಲ್ಲಿ ಬರೆಯುವುದಿಲ್ಲ.

ಈ ಸಲದ ವಾರಾಂತ್ಯ ಕಂಬಂ ಪೇಟೆಗೆ ಮೀಸಲು. ನನ್ನ ಜೊತೆ ಕೋಣೆ ಹಂಚಿಕೊಂಡಿರುವ, ಈಗ ಪಕ್ಕದ ಸೀಟಿನಲ್ಲಿರುವ ಪಾಂಡೀಶ್ವರಿಯ ಊರು ಅದು. ಅವಳ ಮನೆಯವರು ತಲೆತಲಾಂತರದಿಂದ ಅಲ್ಲಿಯೇ ನೆಲೆಸಿದ ಕನ್ನಡದ ಒಕ್ಕಲಿಗರು. ಪಾಂಡಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ದಾವಣಗೆರೆಯ ನಾನು ಅವಳ ತಮಿಳಿಗೆ ಕನ್ನಡದಲ್ಲಿ ಜವಾಬು ಕೊಡುತ್ತೇನೆ. ಹೀಗೆ ನಮ್ಮ ಜಗಳಗಳೂ ಸುಗಮವಾಗಿ ಸಾಗುತ್ತವೆ.

ತೇನಿ ದಾಟಿದ ಮೇಲೆ ನನ್ನ ಲೆಕ್ಕ ತಪ್ಪತೊಡಗಿತು. ಎರಡೂ ಕಡೆಯಿಂದ ಬೆಟ್ಟಗಳು ಬಸ್ಸಿನ ಜೊತೆಗೇ ನಡೆದು ಬರುತ್ತವೆ, ಮುಂದೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಪಶ್ಚಿಮದ ಗಾಳಿ ಎಷ್ಟು ಹಟದಿಂದ ಬೀಸುತ್ತಿತ್ತೆಂದರೆ, ತೆಂಗಿನ ಮರಗಳೆಲ್ಲ ಒಂದೇ ಕಡೆಗೆ ತಲೆ ತಿರುಗಿಸಿ ಯಾರನ್ನೋ ಕಾಯುತ್ತಿರುವಂತೆ ಕಂಡವು. ಕಂಬಂ ತಲುಪಿದರೆ, ಅಂಗಡಿಬೀದಿ ಮುಗಿದ ಜಾಗದಲ್ಲೇ ದ್ರಾಕ್ಷಿಯ ಚಪ್ಪರ ಶುರು. ಅದರ ಕೆಳಗೆ ತಲೆ ತಗ್ಗಿಸಿ ನಡೆಯಬೇಕು. ಕಪ್ಪು ಗೊಂಚಲುಗಳು ಕಿವಿಗೆ ತಾಗುತ್ತವೆ. ಗೊಂಚಲು ಎಣಿಸಲು ಹೊರಟು, ಒಂದು ಸಾಲು ಮುಗಿಯುವ ಮೊದಲೇ ಕೈಬಿಟ್ಟೆ.

ಮನೆಯ ಬಾಗಿಲಲ್ಲಿ ಪಾಂಡಿಯ ಅಜ್ಜಿ ನಿಂತಿದ್ದರು. ಎಲ್ಲರೂ ಅವರನ್ನು ಅವ್ವ ಎನ್ನುತ್ತಾರೆ.

"ಬಾ ಕಣ್ಣು, ಉಂಡ್ಕೊಂಡ್ ಬಂದ್ಯಾ?"

"ಬಸ್ಸಿನಲ್ಲಿ ಸ್ವಲ್ಪ ತಿಂಡಿ ತಿಂದಿದ್ದೇವೆ, ಅವ್ವ."

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏ ಪಾಂಡಿ, ಈ ಮಗು ರೇಡಿಯೋದಾಗೆ ಸಮಾಚಾರ ಓದಿದಂಗೆ ಮಾತಾಡ್ತದಲ್ಲ. ಮನೇಲೂ ಇಂಗೇಯಾ?"

"ಕಿಂಡಲ್ ಮಾಡಬ್ಯಾಡ ಅವ್ವಾ," ಎಂದಳು ಪಾಂಡಿ. ಗೆಳತಿಯ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ವಾಕ್ಯ ಅದು, ನನ್ನನ್ನು ಲೇವಡಿಯಿಂದ ಕಾಪಾಡಲು ಹುಟ್ಟಿದ್ದು.

ನಾವು ಬಂದ ದಿನ ಮನೆಯಲ್ಲಿ ಯಾರಿಗೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಈ ಜನ ದೇವರಿಗೆ ಹರಕೆ ಹೊತ್ತು ದನ ಬಿಡುತ್ತಾರೆ. ಹಾಗೆ ಬಿಟ್ಟ ದನಗಳನ್ನೆಲ್ಲ ಊರೊಳಗಿನ ಒಂದು ದೊಡ್ಡ ದೊಡ್ಡಿಯಲ್ಲಿ ಸಾಕುತ್ತಾರೆ. ಅವನ್ನು ದೇವರ ಆವು ಎನ್ನುತ್ತಾರೆ. ಆವು ಎಂಬ ಮಾತನ್ನು ನಾನು ಹಳಗನ್ನಡದ ಪಾಠದಲ್ಲಿ, ಕೆಳಗೆ ಅರ್ಥ ಕೊಟ್ಟಲ್ಲಿ, ಓದಿದ್ದೆ. ಇಲ್ಲಿ ಅವ್ವ ಅದನ್ನು "ಆವು ಮೇವು ತಿಂತಾ?" ಎಂದು ಬೀದಿಯಲ್ಲಿ ಕೂಗಿ ಕೇಳುತ್ತಾರೆ. ಆ ಹಿಂಡಿಗೆ ಒಬ್ಬ ಅರಸನಿದ್ದಾನೆ, ಪಟ್ಟದಾವು ಎಂಬ ಹೋರಿ. ಹಳೆಯ ಪಟ್ಟದಾವು ತೀರಿಕೊಂಡಿತ್ತು. ಭಾನುವಾರ ಬೆಳಗ್ಗೆ ಹೊಸದರ ಆಯ್ಕೆ.

ನಮ್ಮ ಕಥೆಗಳಲ್ಲಿ ಅರಸನಿಲ್ಲದ ಊರಿನಲ್ಲಿ ಆನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬಿಡುತ್ತಾರೆ. ಅದು ಯಾರ ಕೊರಳಿಗೆ ಹಾಕಿತೋ ಅವನೇ ದೊರೆ. ಮನುಷ್ಯರನ್ನು ಆರಿಸುವ ಕಷ್ಟವನ್ನು ಆನೆಗೆ ದಾಟಿಸಿದ್ದು ಜಾಣತನವೇ. ಕಂಬಂನ ಕ್ರಮ ಇನ್ನೂ ಸರಳ. ಹಿಂಡಿನ ಮುಂದೆ ಒಂದು ಹೊರೆ ಕಬ್ಬು ಇಡುತ್ತಾರೆ. ಯಾವ ಹೋರಿ ತಾನಾಗಿ ಬಂದು ಮೊದಲು ಮುಟ್ಟುತ್ತದೋ ಪಟ್ಟ ಅದಕ್ಕೆ. ಯಾರೂ ಕರೆಯಬಾರದು, ಓಡಿಸಬಾರದು.

ಪಾಂಡಿಯ ಚಿತ್ತಪ್ಪ, ಎಂದರೆ ಚಿಕ್ಕಪ್ಪ, ಮುತ್ತಯ್ಯನವರ ಎದೆಬಡಿತವೆಲ್ಲ ಆ ಕಬ್ಬಿನ ಮೇಲಿತ್ತು. ಮೂರು ವರ್ಷದ ಹಿಂದೆ ಅವರು ಕೆಂದ ಎಂಬ ಹೋರಿಗರುವನ್ನು ಹಿಂಡಿಗೆ ಬಿಟ್ಟಿದ್ದರು. ತಾಯಿ ಸತ್ತ ಕರು. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದರು. ಹರಕೆ ಅವ್ವನದು, ಕರು ಮಗನದು. ಬಿಟ್ಟ ದಿನದಿಂದ ಅವ್ವ ಮಗನನ್ನು ದೊಡ್ಡಿಯ ಕಡೆ ಸುಳಿಯಗೊಟ್ಟಿರಲಿಲ್ಲ. ದೇವರಿಗೆ ಕೊಟ್ಟದ್ದನ್ನು ಮತ್ತೆ ಮತ್ತೆ ಹೋಗಿ ಮುಟ್ಟಿದರೆ ಅದು ಕೊಟ್ಟ ಹಾಗಲ್ಲ ಎನ್ನುವುದು ಅವರ ಮಾತು. ಕೆಂದನಿಗೆ ಪಟ್ಟವಾದರೆ ಕೊಟ್ಟದ್ದು ಸರಿಯಾಯಿತು ಎಂದು ಮುತ್ತಯ್ಯನವರ ಮನಸ್ಸಿಗೆ ಸಮಾಧಾನ. ಆಗದಿದ್ದರೆ, ಮೂರು ವರ್ಷ ಒಳಗೇ ಇಟ್ಟುಕೊಂಡ ಸಂಕಟಕ್ಕೆ ಉತ್ತರವಿಲ್ಲ.

ಭಾನುವಾರ ಹೊರಡುವ ಮೊದಲು ಅವ್ವ ಮಗನನ್ನು ನಿಲ್ಲಿಸಿಕೊಂಡರು. "ದೊಡ್ಡಿ ಗೋಡೆ ಹಿಂದ್ಗಡೆ ನಿಂತ್ಕೊ. ಕೆಮ್ಮಬ್ಯಾಡ. ನಿನ್ನ ಕೆಮ್ಮು ಕೇಳಿದ್ರೆ ಅದು ಹಾಲು ಅಂದ್ಕೊಳ್ತದೆ."

"ಕೆಮ್ಮು ಬಂದ್ರೆ ಏನವ್ವ ಮಾಡ್ಲಿ?"

"ನುಂಗು."

ಕರುವಾಗಿದ್ದ ಕೆಂದನಿಗೆ ಬೆಳಗಿನ ಹಾಲಿನ ಗುರುತು ಮುತ್ತಯ್ಯನವರ ಕೆಮ್ಮೇ ಆಗಿತ್ತಂತೆ. ಬೀಡಿ ಬಿಟ್ಟು ವರ್ಷಗಳಾದರೂ ಅವರಿಗೆ ಕೆಮ್ಮು ಬಿಟ್ಟಿಲ್ಲ.

ದೊಡ್ಡಿಯಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಬಯಲು ತುಂಬ ದನ. ಬಿಳಿ, ಬೂದು, ಕೆಂಪು, ಮಚ್ಚೆ. ಸುತ್ತ ಊರಿಗೆ ಊರೇ ನಿಂತಿದೆ, ಒಂದು ಪಿಸುಮಾತೂ ಇಲ್ಲ. ಕರ್ಪೂರ ಹಚ್ಚಿದರು, ಗಾಳಿ ಆರಿಸಿತು, ಮತ್ತೆ ಹಚ್ಚಿದರು. ಕಬ್ಬಿನ ಹೊರೆ ಇಟ್ಟು ಹಿರಿಯರು ಹಿಂದೆ ಸರಿದರು. ದನಗಳು ನಮ್ಮನ್ನು ನೋಡಿದವು. ಅಷ್ಟು ಕಣ್ಣುಗಳು, ಅಷ್ಟು ನಿಧಾನ. ಮನುಷ್ಯರು ಇಷ್ಟು ವಿನಯದಿಂದ ಕಾಯುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ನನ್ನ ಉಸಿರಿನ ಸದ್ದೂ ಅಧಿಕಪ್ರಸಂಗ ಅನ್ನಿಸಿತು.

ಬಹಳ ಹೊತ್ತಿನ ಮೇಲೆ ಹಿಂಡು ಸೀಳಿಕೊಂಡು ಒಂದು ಕೆಂಪು ಹೋರಿ ಮುಂದೆ ಬಂತು. ಪಾಂಡಿ ನನ್ನ ಮಣಿಕಟ್ಟು ಹಿಡಿದಳು. ಕೆಂದ. ಹೆಗಲು ಹೊಳೆಯುತ್ತಿತ್ತು. ನಡೆಯಲ್ಲಿ ಅವಸರವಿರಲಿಲ್ಲ. ಕಬ್ಬಿಗೆ ಒಂದು ಮಾರು ದೂರ ಬಂದು ಮೂಗು ಚಾಚಿತು. ನಮ್ಮ ಪಕ್ಕದ ಮೋಟುಗೋಡೆಯ ಹಿಂದೆ ಮುತ್ತಯ್ಯನವರು ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದರು, ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ನೀರು. ಆಗ ಗಾಳಿ ಒಂದು ಸುತ್ತು ಧೂಳೆಬ್ಬಿಸಿತು.

ಅವರು ಕೆಮ್ಮಿದರು. ಒಂದೇ ಒಂದು ಸಲ.

ಕೆಂದ ಕಿವಿ ನಿಮಿರಿಸಿತು. ಕಬ್ಬನ್ನು ಬಿಟ್ಟು ತಿರುಗಿತು. ಊರಿನ ಕಣ್ಣೆಲ್ಲ ತನ್ನ ಮೇಲಿದ್ದರೂ ನೇರ ಗೋಡೆಯ ಬಳಿ ನಡೆದುಹೋಗಿ, ಅದರ ಮೇಲಿನಿಂದ ಕತ್ತು ಚಾಚಿ, ಮುತ್ತಯ್ಯನವರ ಹೆಗಲಿಗೆ ಮೂತಿ ಒತ್ತಿ ನಿಂತಿತು. ಹಿಂಡಿನ ಇನ್ನೊಂದು ಕಡೆಯಿಂದ, ಒಂದು ಕೊಂಬು ಸೊಟ್ಟಗಿದ್ದ ಬೂದು ಹೋರಿ ಬಂದು ಕಬ್ಬು ಎಳೆಯಿತು. ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಕೂಗು, ಕುಲವೆ, ಹಾಕಿದರು. ಅರಿಸಿನ, ಹೂವು, ಜನ ಎಲ್ಲ ಆ ಕಡೆಗೆ ಹರಿದವು.

ವರಸೆಯಲ್ಲಿ ಮುತ್ತಯ್ಯನವರಿಗೆ ಮಾವನಾಗುವ ಒಬ್ಬರು ಬಂದು ಅಳಿಯನಿಗೆ ಹೇಳಿದರು, "ಏನ್ ಮಾಪ್ಳೆ, ರಾಜ್ಯನೇ ಕೆಮ್ಮಿ ಕಳೆದ್ಯಲ್ಲ."

ಮುತ್ತಯ್ಯನವರು ಕೆಂದನ ಮೂಗಿನ ಧೂಳನ್ನು ಟವೆಲಿನಿಂದ ಒರೆಸುತ್ತ, "ಮೂರು ವರ್ಸ ಆಯ್ತು ಮಾಮ," ಎಂದರು. "ಮರ್ತಿರ್ತದೆ ಅಂದ್ಕೊಂಡಿದ್ದೆ."

ಅವ್ವ ಬೈಯುತ್ತಾರೆಂದು ನಾವೆಲ್ಲ ಕಾದೆವು. ಅವರು ಗೋಡೆಯ ತನಕ ಬಂದು ಕೆಂದನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಪಟ್ಟ ಬ್ಯಾಡ ಅಂತ ಅದೇ ಹೇಳ್ತು. ನೀ ಯಾಕೆ ಅಳ್ತೀಯ, ಮುಖ ತೊಳ್ಕೊ," ಎಂದರು ಮಗನಿಗೆ. ಆದರೆ ಅವರನ್ನು ಅಲ್ಲಿಂದ ಕರೆದುಕೊಂಡು ಹೋಗಲಿಲ್ಲ.

ಸಂಜೆಯ ಬಸ್ಸಿನಲ್ಲಿ ನನ್ನ ವಾಡಿಕೆಯಂತೆ ಎರಡು ದಿನದ ಗಳಿಕೆ ಬರೆಯಲು ಕುಳಿತೆ. ಕಂಡದ್ದು ಏನೇನು ಎಂದು ಬರೆಯಬಹುದು. ಆದರೆ ಒಂದು ಹೋರಿ ಅಷ್ಟು ಜನರ ಮುಂದೆ ಪಟ್ಟಕ್ಕೆ ಬೆನ್ನು ಹಾಕಿ ನಡೆದದ್ದನ್ನು ಗಳಿಕೆಯಲ್ಲಿ ಸೇರಿಸಬೇಕೋ, ನಷ್ಟದಲ್ಲೋ ತಿಳಿಯಲಿಲ್ಲ. ಮುತ್ತಯ್ಯನವರನ್ನು ಕೇಳಿದ್ದರೆ ಅಂದು ಅವರಿಗೂ ತಿಳಿಯುತ್ತಿರಲಿಲ್ಲ. ಅವರು ನಮ್ಮನ್ನು ಬಸ್ಸಿಗೆ ಬಿಡಲು ಬಂದಿದ್ದರು, ಅಂಗಿಯ ಹೆಗಲಿನ ಮೇಲೆ ಜೊಲ್ಲಿನ ಕಲೆ ಇತ್ತು, ಬದಲಿಸಿರಲಿಲ್ಲ.

ಒಂದು ಸಂಗತಿ ಮಾತ್ರ ಅಲ್ಲಿ ಯಾರೂ ಖಚಿತವಾಗಿ ಹೇಳಲಿಲ್ಲ. ಹೀಗೆ ಕಬ್ಬಿನ ತನಕ ಬಂದು ತಿರುಗಿಹೋದ ಹೋರಿಯನ್ನು, ಮುಂದೆ ಯಾವತ್ತಾದರೂ ಪಟ್ಟ ಖಾಲಿಯಾದಾಗ, ಮತ್ತೆ ಕಬ್ಬಿನ ಮುಂದೆ ನಿಲ್ಲಿಸುವ ರೂಢಿ ಉಂಟೇ? ಬೇರೆ ಊರಿನ ದೊಡ್ಡಿಗಳ ಕ್ರಮ ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಮುತ್ತಯ್ಯನವರಿಗೆ ಉತ್ತರ ಬೇಡವಂತೆ. ಕೇಳಿ ಬರೆ ಎಂದು ಹೇಳಿದ್ದು ಅವ್ವ.